ಮುಚ್ಚಿಗೆಯ ಮೇಲಿನ ಓಡಾಟ: ಕಟಪಾಡಿಯ ಒಂದು ಹಂಚಿನ ಮನೆಯ ಇಲಿ ಪ್ರಕರಣ

ಮನೆ ಉಡುಪಿ ಹತ್ತಿರದ ಕಟಪಾಡಿಯಲ್ಲಿ, ಹೈವೇಯಿಂದ ಸಮುದ್ರದ ಕಡೆಗೆ ಹೋಗುವ ದಾರಿಯಲ್ಲಿದೆ. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಗಾರೆ, ಮೇಲೆ ಹಂಚು. ಮುಂದೆ ಚಾವಡಿ, ನಡುವೆ ಮರದ ಮುಚ್ಚಿಗೆ (ಹಲಗೆಯ ಒಳಛಾವಣಿ) ಇರುವ ಕೋಣೆಗಳು, ಹಿಂದೆ ಬಚ್ಚಲು, ಅದಕ್ಕೆ ತಾಗಿ ಹಸು ಇಲ್ಲದ ಹಟ್ಟಿ. ಹಂಚಿನ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಮುದ್ರೆಯೂ 1865 ಎಂಬ ಇಸವಿಯೂ ಇವೆ. ಮನೆಯೂ ಅಷ್ಟೇ ಹಳೆಯದು ಅಂತ ಮನೆಯವರು ನಂಬಿದ್ದಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷ ಅಲ್ಲ. ಇರಲಿ, ಮನೆ ಹಳೆಯದಂತೂ ಹೌದು.

ಈಗ ಅಲ್ಲಿ ಇರುವುದು ಎಂಬತ್ತು ದಾಟಿದ ಅಜ್ಜಿ ಮತ್ತು ಅವರನ್ನು ನೋಡಿಕೊಳ್ಳುವ ಹೆಂಗಸು. ಮಗ ಬೆಂಗಳೂರಿನಲ್ಲಿ, ಮಗಳು ಮಣಿಪಾಲದಲ್ಲಿ. ಹಳೆ ಮನೆಗಳ ಮಾಡು (ಹಂಚಿನ ಛಾವಣಿ), ಮುಚ್ಚಿಗೆ ರಿಪೇರಿ ಮಾಡಿಸುವುದು ನನ್ನ ಕೆಲಸ. ಮಗಳು ನನ್ನನ್ನು ಕರೆದದ್ದು ನಡುಕೋಣೆಯ ಮುಚ್ಚಿಗೆ ಬಿಚ್ಚಿ ನೋಡಲು. ಅಲ್ಲಿಂದ ತಡೆಯಲಾಗದ ವಾಸನೆ ಬರುತ್ತಿತ್ತು. ಹಲಗೆ ತೆಗೆದಾಗ ಸಿಕ್ಕಿದ್ದು ಸತ್ತ ಇಲಿಗಳು, ತೆಂಗಿನ ನಾರು, ಹರಿದ ಬಟ್ಟೆ, ಅರ್ಧ ತಿಂದ ಸೋಪು. ಅದರ ಜೊತೆಗೆ ದೇವರ ದೀಪದ ಎಣ್ಣೆಬತ್ತಿಗಳ ಒಂದು ರಾಶಿ. ಕೆಲವು ಬತ್ತಿಗಳ ತುದಿ ಕರಿದಾಗಿತ್ತು. ಸುತ್ತಲೂ ಒಣಗಿದ ಹಲಸಿನ ಹಲಗೆ. ಉರಿಯುವ ಬತ್ತಿಯನ್ನೇ ಇಲಿ ಎಳೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಪ್ರಕರಣ ಬರೆಯಲು ಕಾರಣ ಇದೆ. ಉಡುಪಿ, ಮಂಗಳೂರು ಕಡೆಯ ಇಂಥ ಮನೆಗಳಲ್ಲಿ ಹೆಚ್ಚಿನವರು ಮಾಡುವುದು ಒಂದೇ: ನೆಲದಲ್ಲಿ ಬೋನು, ಮೂಲೆಯಲ್ಲಿ ವಿಷ. ಇಲಿ ಇರುವುದು ಮೇಲೆ, ಅದು ಬರುವ ದಾರಿಯೂ ಮೇಲೆ. ಈ ಮನೆಯಲ್ಲಿ ಪರಿಸ್ಥಿತಿ ಸುಧಾರಿಸಿದ್ದು ಆ ದಾರಿಗಳನ್ನು ಒಂದು ಕ್ರಮದಲ್ಲಿ ಕಡಿದಾಗ. ಅದೇ ಕೆಲಸಗಳನ್ನು ಹಿಂದುಮುಂದಾಗಿ ಮಾಡಿದ್ದರೆ ಇಲಿಗಳು ಒಳಗೇ ಸಿಕ್ಕಿಕೊಂಡು ಇನ್ನೊಂದು ರಾಮಾಯಣ ಆಗುತ್ತಿತ್ತು.

ಅಲ್ಲಿಯವರೆಗೆ ಮಾಡಿದ್ದು

ಮೊದಲು ಅಂಗಡಿಯಿಂದ ವಿಷದ ಕೇಕು ತಂದಿದ್ದರು. ಆಮೇಲೆ ಒಂದು ಪೆಸ್ಟ್ ಕಂಟ್ರೋಲ್ ಕಂಪನಿಯವರು ಬಂದು ಅಟ್ಟದ ತುಂಬ ಅಂಥದೇ ಕೇಕು ಎಸೆದು ಹೋದರು. ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ, ವಾಸನೆ ಬರುವುದಿಲ್ಲ ಅಂತ ಭರವಸೆ ಕೊಟ್ಟಿದ್ದರಂತೆ. ಈ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ಸುಳ್ಳು. ಕೇಕಿನಲ್ಲಿ ಇರುವುದು ಶೇಕಡಾ 0.005 ಬ್ರೋಮಾಡಿಯೋಲೋನ್. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಬಾಯಾರಿಕೆ ಹುಟ್ಟಿಸಿ ಹೊರಗೆ ಕಳಿಸುವುದಿಲ್ಲ. ತಿಂದ ಇಲಿ ಕೆಲವು ದಿನ ಮಾಮೂಲಿಯಾಗಿಯೇ ಓಡಾಡುತ್ತದೆ. ಒಳಗೊಳಗೆ ರಕ್ತ ಸೋರಿ ಸುಸ್ತಾದ ಮೇಲೆ ಗೂಡು ಸೇರುತ್ತದೆ. ಗೂಡು ಇದ್ದದ್ದು ಮುಚ್ಚಿಗೆಯ ಮೇಲೆ. ಜುಲೈ ತಿಂಗಳ ತೇವಕ್ಕೆ ಅದು ಕೊಳೆತು, ನೊಣ ಎದ್ದು, ಅಜ್ಜಿಯ ಮಂಚವನ್ನು ಚಾವಡಿಗೆ ಹಾಕಬೇಕಾಯಿತು.

ಆ ವಿಷಕ್ಕೆ ಇಷ್ಟು ನಿಧಾನ ಯಾಕೆ ಇಟ್ಟಿದ್ದಾರೆ ಎಂಬುದಕ್ಕೂ ಅರ್ಥ ಇದೆ. ಹಿಂದೆ ಜಾಸ್ತಿ ಬಳಸುತ್ತಿದ್ದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ತಾಗಿ ಫಾಸ್ಫೀನ್ ಅನಿಲವಾಗಿ ಬೇಗ ಕೊಲ್ಲುತ್ತದೆ. ಸ್ವಲ್ಪವೇ ತಿಂದು ಹೊಟ್ಟೆ ಕೆಟ್ಟು ಬದುಕಿದ ಇಲಿ ಮತ್ತೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ನಿಧಾನ ವಿಷದಲ್ಲಿ ಯಾವುದರಿಂದ ತೊಂದರೆ ಆಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ ಎಂಬ ಪ್ರತಿವಿಷವಾದರೂ ಇದೆ. ಜಿಂಕ್ ಫಾಸ್ಫೈಡಿಗೆ ಇಲ್ಲ, ಲಿವರ್ ಹಾಳು ಮಾಡುವ ಹಳದಿ ರಂಜಕದ ಪೇಸ್ಟಿಗೂ ಇಲ್ಲ. ಮಕ್ಕಳು ರಜೆಗೆ ಬರುವ ಮನೆಯಲ್ಲಿ ಆ ಪೇಸ್ಟಿನ ಟ್ಯೂಬು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಹಿಂದೆ ಇತ್ತು. ಅದನ್ನು ಮೊದಲು ಹೊರಗೆ ತೆಗೆಸಿದೆ.

ಬೆಂಗಳೂರಿನ ಮಗ ಆನ್‌ಲೈನಿನಲ್ಲಿ ಪ್ಲಗ್ಗಿಗೆ ಸಿಕ್ಕಿಸುವ, ಮನುಷ್ಯರಿಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುತ್ತವೆ ಎನ್ನುವ ಅಲ್ಟ್ರಾಸಾನಿಕ್ ಯಂತ್ರಗಳನ್ನು ತರಿಸಿಕೊಟ್ಟಿದ್ದರು. ಆ ಶಬ್ದ ಗೋಡೆ ದಾಟುವುದಿಲ್ಲ, ಹಲಗೆ ದಾಟುವುದಿಲ್ಲ. ಇಲಿಗೂ ಸ್ವಲ್ಪ ದಿನದಲ್ಲಿ ಅಭ್ಯಾಸ ಆಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಯಂತ್ರ ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು, ನೀವು ಹೇಳುವುದಕ್ಕೆ ಆಧಾರ ಇಟ್ಟುಕೊಳ್ಳಿ ಅಂತ. ಇಲ್ಲಿ ಒಂದು ಯಂತ್ರದ ಹಿಂದಿನ ವಯರನ್ನೇ ಇಲಿ ಕಡಿದಿತ್ತು.

ಬೆಕ್ಕು ಇತ್ತು. ಅದಕ್ಕೆ ಮೂರು ಹೊತ್ತು ಮೀನು, ಅನ್ನ ಸಿಗುತ್ತಿತ್ತು. ಮುಚ್ಚಿಗೆಯ ಮೇಲೆ ಹೋಗಲು ಅದಕ್ಕೆ ದಾರಿಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಂಟಿನ ಹಲಗೆಯನ್ನೂ ಇಟ್ಟಿದ್ದರು. ಅದಕ್ಕೆ ಸಿಕ್ಕಿ ಒದ್ದಾಡಿದ್ದು ಒಂದು ಸೊಂಡಿಲಿ ಮತ್ತು ಹಲ್ಲಿಗಳು. ಪ್ರಾಣಿ ನಿಧಾನವಾಗಿ, ಹಸಿದು ಸಾಯುವ ಆ ಸಾಧನ ನನಗೆ ಹಿಡಿಸುವುದಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಅದು ಬೇಡ ಅಂತ ರಾಜ್ಯಗಳಿಗೆ ಬರೆದಿದೆ.

ಯಾರು, ಎಲ್ಲಿಂದ

ಹಿಕ್ಕೆ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಮುಚ್ಚಿಗೆಯ ಮೇಲೆ, ಫ್ರಿಜ್ಜಿನ ತಲೆಯ ಮೇಲೆ ಸಿಕ್ಕಿದ್ದು ಒಂದು ಸೆಂಟಿಮೀಟರಿಗಿಂತ ತುಸು ಉದ್ದದ, ಎರಡೂ ತುದಿ ಚೂಪಾದ ಹಿಕ್ಕೆ. ಅದು ಮಾಡಿನ ಇಲಿಯದ್ದು. ಮೈ ಸಪೂರ, ಕಿವಿ ದೊಡ್ಡದು, ಬಾಲ ಮೈಗಿಂತ ಉದ್ದ. ತೆಂಗಿನ ಮರ, ಕೇಬಲ್, ಪೈಪು ಯಾವುದನ್ನೂ ಹತ್ತುತ್ತದೆ. ತೋಟದಲ್ಲಿ ಎಳೆ ಕಾಯಿಯನ್ನು ತೊಟ್ಟಿನ ಹತ್ತಿರ ಕೊರೆದು ಬೀಳಿಸುವುದೂ ಇದೇ. ಅಂಗಳದ ಮೂಲೆಯಲ್ಲಿ ಅಂಥ ತೂತು ಕಾಯಿಗಳ ಗುಪ್ಪೆಯೇ ಇತ್ತು. ಅದನ್ನು ಅಜ್ಜಿ ಅಳಿಲಿನ ಲೆಕ್ಕಕ್ಕೆ ಬರೆದಿದ್ದರು.

ಬಚ್ಚಲಿನ ಹಿಂದೆ ಬೇರೆ ಕಥೆ. ಕಟ್ಟಿಗೆ ರಾಶಿಯ ಅಡಿಯಲ್ಲಿ ಬಿಲ, ಬಿಲದ ಬಾಯಲ್ಲಿ ಹೊಸ ಸಡಿಲ ಮಣ್ಣು. ಅದು ಹೆಗ್ಗಣ. ಅದಕ್ಕೆ ಮಾಡಿನ ಗೊಡವೆ ಇಲ್ಲ, ನೆಲ ಕೊರೆಯುತ್ತದೆ, ಬಿಲದಲ್ಲಿ ಧಾನ್ಯ ಕೂಡಿಡುತ್ತದೆ. ಮಣ್ಣಿನ ಗಾರೆಯ ಪಂಚಾಂಗ (ಅಡಿಪಾಯ) ಇರುವ ಮನೆಗೆ ಇದು ಮಾಡಿನ ಇಲಿಗಿಂತ ಅಪಾಯ. ಬಚ್ಚಲಿನ ಗೋಡೆಯ ಒಂದು ಮೂಲೆ ಆಗಲೇ ಕುಸಿದು ಸೀಳು ಬಿಟ್ಟಿತ್ತು.

ಮೂರನೆಯದು ಅಡುಗೆಮನೆಯಲ್ಲಿ ಗೋಡೆಗುಂಟ ಚಿಂವ್ ಚಿಂವ್ ಅಂತ ಓಡುವ ಸೊಂಡಿಲಿ. ಮೂತಿ ಉದ್ದ, ಮೈಯಿಂದ ಕಸ್ತೂರಿಯ ಹಾಗೆ ಘಾಟು. ಅದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳ ತಿನ್ನುತ್ತದೆ, ಅಕ್ಕಿಗೆ ಬಾಯಿ ಹಾಕುವುದು ಕಡಿಮೆ. ಅದನ್ನು ಅದರ ಪಾಡಿಗೆ ಬಿಡಿ ಅಂದೆ. ಮನೆಯ ಹೆಂಗಸಿಗೆ ಇದು ಸಮಾಧಾನ ಆಗಲಿಲ್ಲ. ಆದರೆ ಜಿರಳೆ ಕಡಿಮೆ ಆದರೆ ಅದೂ ಕಡಿಮೆ ಆಗುತ್ತದೆ ಅಂದಾಗ ಒಪ್ಪಿದರು.

ದಾರಿ ಹುಡುಕುವ ಕೆಲಸಕ್ಕೆ ಬಿಸಿಲು ಬೇಕು. ನಡುಮಧ್ಯಾಹ್ನ ಅಟ್ಟ ಹತ್ತಿ, ಟಾರ್ಚ್ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ನೆ ಕೂತರೆ ಎಲ್ಲೆಲ್ಲಿ ಬೆಳಕು ಒಳಗೆ ಬರುತ್ತದೆ ಅಂತ ಕಾಣುತ್ತದೆ. ಗಾಜಿನ ಹಂಚು ಬಿಟ್ಟು ಉಳಿದ ಬೆಳಕಿನ ಚುಕ್ಕೆಗಳಿಗೆಲ್ಲ ಸುಣ್ಣದ ಗುರುತು ಹಾಕಿದೆವು. ಪಕ್ಕಾಸುಗಳ (ಹಂಚು ಹೊರುವ ಇಳಿಜಾರು ಮರಗಳ) ಮೇಲೆ, ಜಂತಿಯ ಮೂಲೆಗಳಲ್ಲಿ ಕಪ್ಪು ಜಿಡ್ಡಿನ ಪಟ್ಟಿ ಇತ್ತು. ಇಲಿ ದಿನಾ ಒಂದೇ ದಾರಿಯಲ್ಲಿ ಹೋಗುವುದರಿಂದ ಅದರ ಮೈಯ ಕೊಳೆ, ಎಣ್ಣೆ ಮರಕ್ಕೆ ಹಿಡಿದು ಆಗುವ ಗುರುತು ಅದು. ಕೈಯಲ್ಲಿ ಒರೆಸಿದರೆ ಬರುವ ಹಾಗಿದ್ದರೆ ದಾರಿ ಇನ್ನೂ ಚಾಲ್ತಿಯಲ್ಲಿದೆ ಅಂತ ಅರ್ಥ. ಒಣಗಿ ಸಿಪ್ಪೆ ಏಳುತ್ತಿದ್ದರೆ ಹಳೆಯದು. ಅನುಮಾನ ಇದ್ದ ಕಡೆ ರಾತ್ರಿ ಟಾಲ್ಕಂ ಪೌಡರ್ ಚಿಮುಕಿಸಿ ಬೆಳಿಗ್ಗೆ ಹೆಜ್ಜೆ ನೋಡಿದೆವು. ಅಜ್ಜಿಯ ಪೌಡರ್ ಡಬ್ಬಿ ಇದಕ್ಕೇ ಖರ್ಚಾಯಿತು.

ಸಿಕ್ಕಿದ ದಾರಿಗಳಲ್ಲಿ ಹಲಸಿನ ಮರದ್ದು ರಾಜಮಾರ್ಗ. ಒಂದು ದಪ್ಪ ಕೊಂಬೆ ನೆತ್ತಿಯ ಹಂಚಿನ ಮೇಲೆಯೇ ಒರಗಿತ್ತು. ಗಾಳಿಗೆ ಅದು ತಿಕ್ಕಿ ತಿಕ್ಕಿ ಹಂಚಿನ ಗಾರೆ ಉದುರಿ, ಮುಷ್ಟಿ ಹೋಗುವಷ್ಟು ಸಂದಿ ಆಗಿತ್ತು. ಎರಡನೆಯದು ಕಂಬದಿಂದ ಮಾಡಿನ ಅಂಚಿಗೆ ಎಳೆದಿದ್ದ ಇಂಟರ್ನೆಟ್ ಕೇಬಲ್. ಮೂರನೆಯದು ತೆಂಗಿನ ಮರದಿಂದ ಹಟ್ಟಿಯ ಮಾಡು, ಅಲ್ಲಿಂದ ಬಚ್ಚಲು, ಅಲ್ಲಿಂದ ಮನೆ. ಇವೆಲ್ಲ ಮನೆಯ ಮೇಲಿನವರೆಗೆ ಬರುವ ದಾರಿಗಳು. ಒಳಗೆ ಬರುವ ಬಾಗಿಲು ಹೆಚ್ಚಿನ ಕಡೆ ಒಂದೇ: ಗೋಡೆಯ ತಲೆ. ಪಕ್ಕಾಸು ಗೋಡೆ ದಾಟಿ ಹೊರಗೆ ಚಾಚುವ ಜಾಗದಲ್ಲಿ ಪಕ್ಕಾಸಿಗೂ ಪಕ್ಕಾಸಿಗೂ ನಡುವೆ ಉದ್ದಕ್ಕೂ ಸಂದಿ ಇರುತ್ತದೆ. ಕಟ್ಟಿದವರು ಅದನ್ನು ಬೇಕೆಂದೇ ಬಿಟ್ಟಿದ್ದು, ಗಾಳಿ ಆಡಲಿ ಅಂತ. ಈ ಕರಾವಳಿಯ ಸೆಕೆಗೆ, ಮಳೆಗೆ ಅದು ಬೇಕು. ಅದನ್ನು ಸಿಮೆಂಟು ಹಾಕಿ ಮುಚ್ಚಿದ ಮನೆಗಳಲ್ಲಿ ಪಕ್ಕಾಸು ಕುಂಬಾಗಿ (ಕೊಳೆತು) ಗೆದ್ದಲು ಹಿಡಿದದ್ದನ್ನು ನೋಡಿದ್ದೇನೆ. ಹಾಗಾಗಿ ಇಲಿಗೆ ಮುಚ್ಚಬೇಕು, ಗಾಳಿಗೆ ಮುಚ್ಚಬಾರದು. ಖರ್ಚೂ ತಲೆನೋವೂ ಇದ್ದದ್ದು ಇಲ್ಲೇ.

ಹಲಸಿನ ಕೊಂಬೆಯ ಪಂಚಾಯಿತಿ

ತಾಂತ್ರಿಕವಾಗಿ ಅತಿ ಸುಲಭದ ಕೆಲಸ ಕೊಂಬೆ ಕಡಿಯುವುದು. ಮಾತಿನಲ್ಲಿ ಅದೇ ಅತಿ ಕಷ್ಟ ಆಯಿತು. ಆ ಕೊಂಬೆಯಲ್ಲೇ ಜಾಸ್ತಿ ಕಾಯಿ ಬಿಡುವುದು, ಹಪ್ಪಳಕ್ಕೆ ಅದೇ ಕಾಯಿ ಆಗಬೇಕು, ಅಜ್ಜಿಯ ಅತ್ತೆ ನೆಟ್ಟ ಮರ. ಮಗ ಫೋನಿನಲ್ಲಿ ಮರವನ್ನೇ ತೆಗೆಸಿ ಅಂದರು. ಅಜ್ಜಿ ಅಂದು ಊಟ ಬಿಟ್ಟರು. ಇಡೀ ಮರ ತೆಗೆಯುವ ಅಗತ್ಯ ಇರಲಿಲ್ಲ. ಮಾಡಿನ ಇಲಿ ಅಡ್ಡಕ್ಕೆ ಒಂದು ಮೀಟರಿಗೂ ಹೆಚ್ಚು ಹಾರಬಲ್ಲದು, ಮೇಲಿನಿಂದ ಕೆಳಗೆ ಹಾರುವಾಗ ಇನ್ನೂ ದೂರ ಹೋಗುತ್ತದೆ. ಅದಕ್ಕೇ ಮಾಡಿನಿಂದ ಎರಡು ಮೀಟರ್ ದೂರಕ್ಕೆ ಕೊಂಬೆ ಕಡಿದರೆ ಸಾಕು ಅಂದೆ. ಕೊನೆಗೆ ಆ ವರ್ಷದ ಕಾಯಿ ಇಳಿಸಿದ ಮೇಲೆ ಕಡಿಯುವುದು ಅಂತಾಯಿತು. ಅಲ್ಲಿಯವರೆಗೆ ಉಳಿದ ಕೆಲಸ ಕಾಯಬೇಕಾಯಿತು. ಅಜ್ಜಿಯ ಮಾತಿಗೆ ಬೆಲೆ ಕೊಟ್ಟದ್ದು ಸರಿಯೇ ಆಯಿತು ಅನ್ನಿಸುತ್ತದೆ, ಯಾಕೆಂದರೆ ಮುಂದಿನ ಎಲ್ಲ ಕೆಲಸ ದಿನಾ ನಡೆಸಬೇಕಾದವರು ಅವರೇ.

ಅವರು ಹಾಕಿದ ಇನ್ನೊಂದು ಷರತ್ತು ವಿಷದ್ದು. ಮನೆಯ ಪಡುವಣಕ್ಕೆ ನಾಗಬನ ಇದೆ. ಇಲಿ ಇರುವಲ್ಲಿ ಕೇರೆಯೂ ಬರುತ್ತದೆ, ನಾಗರವೂ ಬರುತ್ತದೆ. ಬಚ್ಚಲಿನಲ್ಲಿ ನಾಗರ ಕಂಡ ಮೇಲೆಯೇ ಮಗಳಿಗೆ ಹೆದರಿಕೆ ಶುರುವಾದದ್ದು. ವಿಷ ತಿಂದ ಇಲಿಯನ್ನು ನುಂಗಿ ನಾಗರ ಸತ್ತರೆ ಏನು ಗತಿ ಎಂಬುದು ಅಜ್ಜಿಯ ಪ್ರಶ್ನೆ. ತುಳುನಾಡಿನಲ್ಲಿ ಸತ್ತ ನಾಗನಿಗೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ, ಅದು ಹಗುರದ ಮಾತಲ್ಲ. ನನ್ನ ಕಾರಣ ಬೇರೆ. ಬ್ರೋಮಾಡಿಯೋಲೋನ್ ಇಲಿಯ ಲಿವರಿನಲ್ಲಿ ಬಹಳ ಕಾಲ ಉಳಿಯುತ್ತದೆ, ಆ ಇಲಿಯನ್ನು ತಿನ್ನುವ ಗೂಗೆಗೂ ಬೆಕ್ಕಿಗೂ ಏರುತ್ತದೆ. ರಾತ್ರಿಯಿಡೀ ಇಲಿ ಹಿಡಿಯುವ ಗೂಗೆಯನ್ನು ಕೊಂದುಕೊಂಡು ಇಲಿ ಓಡಿಸಲು ಹೋಗುವುದರಲ್ಲಿ ಏನು ಲಾಭ? ಇಬ್ಬರ ಕಾರಣ ಬೇರೆಯಾದರೂ ತೀರ್ಮಾನ ಒಂದೇ ಆಯಿತು. ಮನೆಯ ಒಳಗೂ ಹೊರಗೂ ವಿಷ ಇಲ್ಲ.

ಮೊದಲು ಊಟ, ಆಮೇಲೆ ಬೋನು, ಕೊನೆಗೆ ಬಾಗಿಲು

ಹೆಣ್ಣಿಲಿ ಮೂರು ವಾರಕ್ಕೆ, ಅಂದರೆ 21ರಿಂದ 23 ದಿನಕ್ಕೆ ಮರಿ ಹಾಕುತ್ತದೆ. ಒಂದು ಸಲಕ್ಕೆ ಆರೋ ಎಂಟೋ ಮರಿ. ಆ ಮರಿಗಳು ಸುಮಾರು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ತಯಾರು. ಊಟ ಹಾಗೆಯೇ ಇಟ್ಟು ಬೋನಿನಲ್ಲಿ ಒಂದೊಂದು ಹಿಡಿಯುತ್ತಾ ಹೋದರೆ ಮುಗಿಯುವ ಲೆಕ್ಕ ಅಲ್ಲ.

ಊಟ ಎಲ್ಲೆಲ್ಲಿ ಇತ್ತು ಅಂದರೆ ಎಲ್ಲ ಕಡೆ. ಕುಚ್ಚಲಕ್ಕಿ ಗೋಣಿಯಲ್ಲೇ ಇತ್ತು. ಹಳೇ ಪತ್ತಾಯ (ಭತ್ತ ತುಂಬಿಡುವ ಮರದ ಪೆಟ್ಟಿಗೆ) ಖಾಲಿ ಅಂದಿದ್ದರು, ತಳದಲ್ಲಿ ಒಂದು ಪದರ ಭತ್ತ ಉಳಿದಿತ್ತು. ಅಟ್ಟದಲ್ಲಿ ತೆಂಗಿನಕಾಯಿ ರಾಶಿ, ಹಲಸಿನ ಬೀಜ, ಹಪ್ಪಳದ ಡಬ್ಬಿ. ಬೆಕ್ಕಿನ ತಟ್ಟೆಯಲ್ಲಿ ರಾತ್ರಿಯಿಡೀ ಅನ್ನ. ಅಕ್ಕಿ, ಬೇಳೆ ಎಲ್ಲ ಮುಚ್ಚಳ ಬಿಗಿಯುವ ಸ್ಟೀಲ್ ಡ್ರಮ್ಮಿಗೆ ಹೋಯಿತು. ಪ್ಲಾಸ್ಟಿಕ್ ಡಬ್ಬಿ ಸಾಲದು, ಇಲಿಯ ಮುಂದಿನ ಹಲ್ಲು ಜೀವನ ಪೂರ್ತಿ ಬೆಳೆಯುತ್ತಲೇ ಇರುತ್ತದೆ, ಅದು ಕಡಿಯಲೇಬೇಕು. ತೆಂಗಿನಕಾಯಿ ಸುಲಿದು ಕೆಳಗೆ ತಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟರು. ದೇವರ ದೀಪದ ಬತ್ತಿ ಹಿತ್ತಾಳೆಯ ಮುಚ್ಚಳದ ಡಬ್ಬಿಗೆ ಹೋಯಿತು. ದೀಪ ಆರುವವರೆಗೆ ಯಾರಾದರೂ ಅಲ್ಲೇ ಇರಬೇಕು, ಇಲ್ಲವೇ ಗಾಜಿನ ಚಿಮಣಿ ಹಾಕಬೇಕು ಅಂತ ಮಾತಾಯಿತು. ಬಚ್ಚಲಿನ ಹಂಡೆಗೆ ಮುಚ್ಚಳ ಬಂತು, ರಾತ್ರಿ ಬಕೆಟ್ಟಿನಲ್ಲಿ ನೀರು ಉಳಿಯದ ಹಾಗೆ ನೋಡಿಕೊಂಡರು.

ಬೋನು ಇಡುವಾಗ ಆತುರ ಕೆಲಸಕ್ಕೆ ಬರುವುದಿಲ್ಲ. ಮಾಡಿನ ಇಲಿಗೆ ಹೊಸ ವಸ್ತು ಕಂಡರೆ ಗುಮಾನಿ. ತನ್ನ ದಾರಿಯಲ್ಲಿ ನಿನ್ನೆ ಇಲ್ಲದ್ದು ಇಂದು ಇದ್ದರೆ ಸುತ್ತು ಹಾಕಿ ಹೋಗುತ್ತದೆ. ಹಾಗಾಗಿ ಸ್ಪ್ರಿಂಗ್ ಬೋನುಗಳನ್ನು ಮೊದಲ ಕೆಲವು ರಾತ್ರಿ ಬಿಗಿಯದೆ, ಬರೀ ತಿಂಡಿ ಇಟ್ಟು ಬಿಟ್ಟೆವು. ತಿಂಡಿ ಧೈರ್ಯವಾಗಿ ಖಾಲಿಯಾಗಲು ಶುರುವಾದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಬಿಗಿದದ್ದು. ಇಟ್ಟ ಜಾಗವೂ ನೆಲ ಅಲ್ಲ. ಜಿಡ್ಡಿನ ಪಟ್ಟಿ ಇದ್ದ ಜಂತಿಯ ಮೇಲೆ, ಗೋಡೆಯ ತಲೆಯಲ್ಲಿ, ಬಡಿದಾಗ ಕೆಳಗೆ ಬೀಳದ ಹಾಗೆ ತಂತಿಯಲ್ಲಿ ಕಟ್ಟಿ. ತಿಂಡಿ ಸುಟ್ಟ ಕೊಬ್ಬರಿ ಚೂರು, ಅದನ್ನೂ ನೂಲಿನಲ್ಲಿ ಕಟ್ಟಿದ್ದು. ಇಲ್ಲದಿದ್ದರೆ ಜಾಣ ಇಲಿ ಬೋನು ಬೀಳಿಸದೆ ಎತ್ತಿಕೊಂಡು ಹೋಗುತ್ತದೆ. ಮೊದಲ ರಾತ್ರಿಯೇ ಹೆಚ್ಚಿನ ಬೋನುಗಳು ತುಂಬಿದವು. ಚೌತಿ ಹತ್ತಿರ ಬಂದಾಗ ಗಣಪತಿಯ ವಾಹನವನ್ನು ಹಬ್ಬದ ವಾರ ಕೊಲ್ಲಬೇಡಿ ಅಂತ ಅಜ್ಜಿ ಹೇಳಿದರು. ಆ ವಾರ ಬೋನು ಬಿಗಿಯಲಿಲ್ಲ, ತಿಂಡಿ ಮಾತ್ರ ಇಟ್ಟೆವು. ಹಬ್ಬ ಕಳೆದ ಮೇಲೆ ಇನ್ನೂ ಚೆನ್ನಾಗಿ ಸಿಕ್ಕಿದವು.

ಗೂಡುಬೋನಿನಲ್ಲಿ ಹಿಡಿದು ಹೊಳೆಯ ಆಚೆ ಬಿಟ್ಟು ಬರುವ ಪದ್ಧತಿಯೂ ನಮ್ಮಲ್ಲಿ ಇದೆ. ಅದು ನಮ್ಮ ಇಲಿಯನ್ನು ಇನ್ನೊಬ್ಬರ ಮನೆಗೆ ದಾಟಿಸುವ ಕೆಲಸ ಅಷ್ಟೇ. ಬೋನಿನ ಸಮೇತ ನೀರಿನಲ್ಲಿ ಮುಳುಗಿಸುವುದು ಅದಕ್ಕಿಂತ ಕೆಟ್ಟದು. ಕೊಲ್ಲುವುದಾದರೆ ಒಂದೇ ಏಟಿಗೆ ಆಗುವ ಸ್ಪ್ರಿಂಗ್ ಬೋನು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಬೋನಿಗೆ ಬೀಳುವುದು ನಿಂತು, ಪೌಡರಿನಲ್ಲಿ ಹೆಜ್ಜೆ ಕಾಣದಾದ ಮೇಲೆ ಗೋಡೆಯ ತಲೆ ಮುಚ್ಚಿದ್ದು. ಮನೆಯ ಪುಟ್ಟ ಇಲಿ (ಮೌಸ್) ಆರು ಮಿಲಿಮೀಟರ್ ಸಂದಿಯಲ್ಲಿ ನುಸುಳುತ್ತದೆ, ಎಳೆ ಇಲಿಗೆ ಹನ್ನೆರಡು ಮಿಲಿಮೀಟರ್ ಸಾಕು. ಕೋಳಿಗೂಡಿನ ಬಲೆ ಇದಕ್ಕೆ ಆಗುವುದಿಲ್ಲ, ಕಣ್ಣು ದೊಡ್ಡದು. ಸೊಳ್ಳೆ ಬಲೆಯನ್ನು ಒಂದೇ ರಾತ್ರಿಯಲ್ಲಿ ಹರಿಯುತ್ತದೆ. ಡಬ್ಬಿಯಿಂದ ಸಿಂಪಡಿಸುವ ನೊರೆ ಇಲಿಯ ಹಲ್ಲಿಗೆ ಅವಲಕ್ಕಿಯಷ್ಟೇ. ಕಾಲಿಂಚಿನ ಕಣ್ಣಿನ, ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಬಲೆ ತಂದು ಪಕ್ಕಾಸುಗಳ ನಡುವೆ ಅಳತೆಗೆ ಕತ್ತರಿಸಿ, ಮರದ ಪಟ್ಟಿ ಬಡಿದು ಕೂರಿಸಿದೆವು. ಗಾಳಿ ಆಡುತ್ತದೆ, ಇಲಿ ಬರುವುದಿಲ್ಲ. ಪೈಪು ಒಳಗೆ ಬರುವ ಸಣ್ಣ ತೂತುಗಳಿಗೆ ಉಕ್ಕಿನ ಉಣ್ಣೆ (ಸ್ಟೀಲ್ ವೂಲ್) ತುಂಬಿ ಅಂತ ಎಲ್ಲ ಕಡೆ ಸಲಹೆ ಕೊಡುತ್ತಾರೆ. ಸಮುದ್ರದ ಗಾಳಿಯಲ್ಲಿ ಅದು ಒಂದು ಮಳೆಗಾಲಕ್ಕೆ ತುಕ್ಕಿನ ಪುಡಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರನ್ನು ತುಂಬಿ ಮೇಲೆ ಗಾರೆ ಹಾಕಿದರೆ ನಿಲ್ಲುತ್ತದೆ. ನೆತ್ತಿಯ ಹಂಚುಗಳನ್ನು ಪೂರ್ತಿ ತೆಗೆದು ಮತ್ತೆ ಕೂರಿಸಿದರು. ಒಟ್ಟು ಖರ್ಚಿನ ದೊಡ್ಡ ಪಾಲು ಬಲೆಗೆ ಅಲ್ಲ, ಹಂಚಿನ ಕೆಲಸದವರ ಕೂಲಿಗೆ ಹೋಯಿತು. ಹಂಚಿನ ಮೇಲೆ ಕಾಲಿಟ್ಟು ಒಡೆಯದೆ ಕೆಲಸ ಮಾಡಬಲ್ಲವರು ಈಗ ಕಮ್ಮಿ, ಸಿಕ್ಕರೂ ಮೇ ತಿಂಗಳಲ್ಲಿ ಸಿಗುವುದಿಲ್ಲ.

ತೆಂಗಿನ ಮರಗಳಿಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ ಹೇಳುವ ಉಪಾಯ ಹಳೆಯದು, ಒಳ್ಳೆಯದು: ನೆಲದಿಂದ ಎರಡು ಮೀಟರ್ ಎತ್ತರದಲ್ಲಿ, 40 ಸೆಂಟಿಮೀಟರ್ ಅಗಲದ ಜಿಐ ತಗಡು ಸುತ್ತುವುದು. ನುಣುಪಿನ ತಗಡಿನಲ್ಲಿ ಇಲಿಗೆ ಹಿಡಿತ ಸಿಗುವುದಿಲ್ಲ. ಒಂದೇ ಷರತ್ತು, ಮರಗಳ ತಲೆ ಒಂದಕ್ಕೊಂದು ತಾಗಿರಬಾರದು. ಇಲ್ಲಿ ಹಟ್ಟಿಯ ಹತ್ತಿರ ಎರಡು ಮರಗಳ ಮಡಲು ಹೆಣೆದುಕೊಂಡಿತ್ತು. ಅವುಗಳನ್ನು ಸವರದಿದ್ದರೆ ಒಂದಕ್ಕೆ ತಗಡು ಹಾಕಿ ಇನ್ನೊಂದನ್ನು ಬಿಟ್ಟ ಹಾಗೆ ಆಗುತ್ತಿತ್ತು.

ಹೆಗ್ಗಣದ ವಿಷಯ ಬೇಗ ಮುಗಿಯಿತು. ಕಟ್ಟಿಗೆಯನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಎತ್ತರಿಸಿ ಪೇರಿಸಿದರು. ಬಿಲಗಳಿಗೆಲ್ಲ ಮಣ್ಣು ತುಂಬಿ, ಮರುದಿನ ತೆರೆದುಕೊಂಡದ್ದರ ಮುಂದೆ ಮಾತ್ರ ಗೂಡುಬೋನು ಇಟ್ಟರು. ಬಚ್ಚಲಿನ ನೀರು ಹೋಗುವ ಕಂಡಿಗೆ ಕಬ್ಬಿಣದ ಜಾಲರಿ ಕೂರಿಸಿ, ಕುಸಿದ ಮೂಲೆಯನ್ನು ಗಾಜಿನ ಚೂರು ಬೆರೆಸಿದ ಕಾಂಕ್ರೀಟಿನಿಂದ ತುಂಬಿಸಿದೆವು.

ಗುಡಿಸಬೇಡಿ

ಅಟ್ಟ ಖಾಲಿ ಮಾಡಿಸುವ ದಿನ ಕೆಲಸದ ಹುಡುಗರು ಮೊದಲು ಎತ್ತಿಕೊಂಡದ್ದು ಹಿಡಿಸೂಡಿ. ಒಣ ಹಿಕ್ಕೆ, ಒಣ ಮೂತ್ರ ಧೂಳಾಗಿ ಮೂಗಿಗೆ ಹೋಗುವುದು ಅಪಾಯ. ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಸೇರಿಸಿ ಚೆನ್ನಾಗಿ ಒದ್ದೆ ಮಾಡಿ, ಐದು ನಿಮಿಷ ಬಿಟ್ಟು, ಬಟ್ಟೆಯಿಂದ ಬಳಿದು ತೆಗೆಯಬೇಕು. ಮಾಸ್ಕ್, ರಬ್ಬರ್ ಗ್ಲೌಸ್ ಬೇಕೇ ಬೇಕು.

ಇಲಿ ಜ್ವರದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ, ಪ್ರತಿ ಮಳೆಗಾಲ ಕೇಳುತ್ತೇವೆ. ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಯ ಮೂತ್ರದಲ್ಲಿ ಹೊರಬಂದು ಒದ್ದೆ ನೆಲದಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಒಡಕು, ಗಾಯ, ಕಣ್ಣು, ಬಾಯಿಯಿಂದ ಮೈ ಸೇರುತ್ತದೆ. ಬಚ್ಚಲಿನ ಹಿಂದಿನ ಕೆಸರಿನಲ್ಲಿ ಆ ಮನೆಯ ಹೆಂಗಸು ಬರಿಗಾಲಿನಲ್ಲಿ ಓಡಾಡುತ್ತಿದ್ದರು. ಬೂಟು ಕೊಡಿಸಿದ್ದಾಯಿತು. ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಮಾತ್ರೆ ನುಂಗಿ ಕಾಯದೆ ಕೂಡಲೇ ಡಾಕ್ಟರಿಗೆ ತೋರಿಸಬೇಕು, ಮನೆಯಲ್ಲಿ ಇಲಿ ಇದೆ ಎಂಬುದನ್ನೂ ಹೇಳಬೇಕು. ಬೇಗ ಗೊತ್ತಾದರೆ ಆಂಟಿಬಯಾಟಿಕ್‌ನಿಂದ ಗುಣ ಆಗುವ ಕಾಯಿಲೆ, ತಡವಾದರೆ ಕಿಡ್ನಿ, ಲಿವರಿಗೆ ಹೋಗುತ್ತದೆ. ಬಾವಿಗೆ ಬಲೆ ಹಾಕಿಸಿದರು, ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಸಾಮಾನ್ಯ ಅಳತೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ.

ವಯರಿಂಗ್ ಹಳೆಯದು, ಮರದ ಪಟ್ಟಿಯ ಮೇಲೆ ಓಡಿದ್ದು. ಅಟ್ಟದಲ್ಲಿ ಎಷ್ಟೋ ಕಡೆ ತಾಮ್ರ ಕಾಣುತ್ತಿತ್ತು. ಅಷ್ಟನ್ನೂ ಪೈಪಿನೊಳಗೆ ಹಾಕಿಸಿ, ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದ ಮೇಲೆ ಮುಚ್ಚಿಗೆಯ ಹಲಗೆ ಮರಳಿ ಹೊಡೆದದ್ದು. ಒಂದು ಹಲಗೆಗೆ ಮಾತ್ರ ಮೊಳೆ ಹೊಡೆಯದೆ ತಿರುಪು ಹಾಕಿದೆವು, ಬೇಕಾದಾಗ ತೆಗೆದು ಒಳಗೆ ನೋಡಲು.

ಈಗ ಹೇಗಿದೆ

ಮುಂದಿನ ಮಳೆಗಾಲ ಮುಚ್ಚಿಗೆಯ ಮೇಲೆ ಶಬ್ದ ಇರಲಿಲ್ಲ. ಅಜ್ಜಿ ನಡುಕೋಣೆಗೆ ಮರಳಿದರು. ಎಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದು ಗದ್ದೆ ಬರಿದಾದ ಹೊತ್ತಿಗೆ ಮತ್ತೆ ಒಂದೆರಡು ರಾತ್ರಿ ಓಡಾಟ ಕೇಳಿಸಿತು. ಕೊಯ್ಲಿನ ನಂತರ ಗದ್ದೆಯ ಇಲಿಗಳು ಮನೆ ಹುಡುಕುವುದು ಪ್ರತಿ ವರ್ಷದ ಮಾತು. ತಿರುಪು ಬಿಚ್ಚಿ ನೋಡಿದರೆ, ಹೊಸ ಇಂಟರ್ನೆಟ್ ಕಂಪನಿಯವರು ಕೇಬಲ್ ತರಲು ಬಲೆಯನ್ನು ಕತ್ತರಿಸಿ, ಹಾಗೆಯೇ ಬಿಟ್ಟು ಹೋಗಿದ್ದರು. ಬಲೆ ಸರಿಮಾಡಿ, ಕೇಬಲ್ಲಿಗೆ ನಡುವೆ ಒಂದು ದುಂಡು ತಗಡಿನ ತಟ್ಟೆ ಪೋಣಿಸಿದೆವು. ಇನ್ನು ಮನೆಗೆ ಯಾವ ಕೆಲಸದವರು ಬಂದರೂ ಅವರು ಹೋದ ಮೇಲೆ ಗೋಡೆಯ ತಲೆ ನೋಡಬೇಕು ಅಂತ ಹೆಂಗಸಿಗೆ ಹೇಳಿಕೊಟ್ಟಿದ್ದೇನೆ. ಅವರು ಈಗ ನನಗಿಂತ ಚುರುಕಾಗಿ ಹಿಕ್ಕೆ ಗುರುತಿಸುತ್ತಾರೆ.

ಬಗೆಹರಿಯದೆ ಉಳಿದದ್ದು ಪಕ್ಕದ ಮನೆ. ಪಾಲಿನ ತಕರಾರಿನಲ್ಲಿ ಬೀಗ ಬಿದ್ದು ವರ್ಷಗಳಾಗಿವೆ, ಮಾಡಿನ ಒಂದು ಬದಿ ಕುಸಿದಿದೆ, ಒಳಗೆ ಹಳೇ ಹುಲ್ಲು ಹಾಗೇ ಇದೆ. ಪೌಡರ್ ಹಾಕಿದಾಗ ಹೆಜ್ಜೆಗಳು ಬಂದದ್ದೂ ಆ ಬದಿಯ ಕಂಪೌಂಡಿನಿಂದಲೇ. ಮಗಳು ಆ ಮನೆಯವರ ಜೊತೆ ಫೋನಿನಲ್ಲಿ ಮಾತಾಡಿದ್ದಾರೆ. ಹುಲ್ಲು ತೆಗೆಸಲು ಒಬ್ಬ ಅಣ್ಣ ಒಪ್ಪಿದ್ದಾರೆ, ಇನ್ನೊಬ್ಬರು ಬೀಗದ ಕೈ ಕೊಡಲು ಒಪ್ಪಿಲ್ಲ. ಮೇ ತಿಂಗಳಲ್ಲಿ ಇಬ್ಬರೂ ಮುಂಬಯಿಯಿಂದ ಬರುತ್ತಾರೆ. ಅಲ್ಲಿಯವರೆಗೆ ಆ ಬದಿಯ ಗೋಡೆಯ ತಲೆಯಲ್ಲಿ ಎರಡು ಬೋನು ಕಾಯಂ ಇರುತ್ತವೆ.